ಆಫ್ರಿಕಾನಾ ಅಧ್ಯಯನದಲ್ಲಿ ಪದವಿ: ನಾನು ಓದಿದ ಕ್ರಮ

ಆಫ್ರಿಕಾನಾ ಅಧ್ಯಯನವೆಂದರೆ ಆಫ್ರಿಕಾದ ಜನರ ಮತ್ತು ಬೇರೆ ನಾಡುಗಳಲ್ಲಿರುವ ಆಫ್ರಿಕಾ ಮೂಲದವರ ಇತಿಹಾಸ, ಸಂಸ್ಕೃತಿಗಳ ಓದು. ಅಮೆರಿಕದಲ್ಲಿ ಈ ಪದವಿಗೆ ಸೇರುವ ಮುಂಚೆ ವಿಭಾಗದ ಕೈಪಿಡಿಯ ಜೊತೆಗೆ ಕಳೆದ ನಾಲ್ಕು ಸೆಮಿಸ್ಟರುಗಳಲ್ಲಿ ನಿಜವಾಗಿ ನಡೆದ ಕೋರ್ಸುಗಳ ಪಟ್ಟಿಯನ್ನೂ ತರಿಸಿಕೊಳ್ಳಿ. ಕೈಪಿಡಿಯಲ್ಲಿರುವ ಎಷ್ಟೋ ಕೋರ್ಸುಗಳಿಗೆ ಪಾಠ ಮಾಡುವವರೇ ಇರುವುದಿಲ್ಲ. ಆಫ್ರಿಕಾ ಖಂಡ, ಕೆರಿಬಿಯನ್, ಅಮೆರಿಕ ಮೂರೂ ಪಟ್ಟಿಯಲ್ಲಿವೆಯೇ, ಆಫ್ರಿಕಾದ ಒಂದು ಭಾಷೆಯನ್ನಾದರೂ ಎರಡು ವರ್ಷ ಸತತವಾಗಿ ಕಲಿಸುತ್ತಾರೆಯೇ ಎಂಬುದು ನನ್ನ ಅಳತೆಗೋಲಾಗಿತ್ತು. 1969ರಲ್ಲಿ ಶುರುವಾದ ಕಾರ್ನೆಲ್ ವಿಶ್ವವಿದ್ಯಾಲಯದ ಆಫ್ರಿಕಾನಾ ಕೇಂದ್ರ ಮೊದಲಿನಿಂದಲೂ ಈ ಮೂರನ್ನು ಒಟ್ಟಿಗಿಟ್ಟೇ ಓದಿಸುತ್ತ ಬಂದಿದೆ.

ಪದವಿಗೆ ಸಾಮಾನ್ಯವಾಗಿ 120 ಕ್ರೆಡಿಟ್. ಮೇಜರ್‌ಗೆ, ಅಂದರೆ ಮುಖ್ಯ ವಿಷಯಕ್ಕೆ, ಅದರಲ್ಲಿ 30ರಿಂದ 40, ಅಂದರೆ ಸುಮಾರು ಹತ್ತು ಹನ್ನೆರಡು ಕೋರ್ಸು. ಉಳಿದದ್ದರಲ್ಲಿ ಎರಡನೇ ಮೇಜರ್ ಧಾರಾಳವಾಗಿ ಹಿಡಿಸುತ್ತದೆ. ಎಫ್-1 ವಿದ್ಯಾರ್ಥಿ ವೀಸಾದಲ್ಲಿ ಬರುವವರು ಇದನ್ನು ಮೊದಲೇ ಯೋಚಿಸಬೇಕು. ಓದು ಮುಗಿದ ಮೇಲೆ ಸಿಗುವ ಕೆಲಸದ ಅನುಮತಿ 12 ತಿಂಗಳು ಮಾತ್ರ. ಆಫ್ರಿಕಾನಾ ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ವಿಷಯವಲ್ಲದ ಕಾರಣ 24 ತಿಂಗಳ ವಿಸ್ತರಣೆ ಇದಕ್ಕಿಲ್ಲ. ಎರಡನೇ ಮೇಜರ್ ಆಗಿ ಸಂಖ್ಯಾಶಾಸ್ತ್ರ ಓದಿದರೆ ಆ ದಾರಿ ತೆರೆದಿರುತ್ತದೆ, ದತ್ತಾಂಶದ ಕೆಲಸಕ್ಕೂ ಅದು ಬಲ ಕೊಡುತ್ತದೆ.

ಭಾಷೆಯನ್ನು ಮೊದಲ ಸೆಮಿಸ್ಟರಿನಲ್ಲೇ ಹಿಡಿಯಿರಿ. ಸ್ವಾಹಿಲಿ, ಯೊರುಬಾದಂಥ ಭಾಷೆಗಳ ಪ್ರಥಮ ಹಂತ ಹೆಚ್ಚಿನ ಕಡೆ ಆಗಸ್ಟ್–ಸೆಪ್ಟೆಂಬರಿನಲ್ಲಿ ಮಾತ್ರ ಶುರುವಾಗುತ್ತದೆ. ಆಗ ತಪ್ಪಿದರೆ ಒಂದು ವರ್ಷವೇ ಹೋಯಿತು. ಕನ್ನಡದವರಿಗೆ ಸ್ವಾಹಿಲಿಯಲ್ಲಿ ಕಷ್ಟವಾಗುವುದು ಕ್ರಿಯಾಪದ. ನಮ್ಮಲ್ಲಿ ಕಾಲವೂ ಪುರುಷವೂ ಧಾತುವಾದ ಮೇಲೆ ಬಂದರೆ ಅಲ್ಲಿ ಎರಡೂ ಧಾತುವಿಗಿಂತ ಮೊದಲು ಬರುತ್ತವೆ. ಗಟ್ಟಿಯಾಗಿ ಹೇಳಿ ಹೇಳಿಯೇ ಅದು ನಾಲಿಗೆಗೆ ಕೂರಬೇಕು.

ಈ ಪದವಿಯ ನಿಜವಾದ ತಿರುಳು ದಾಖಲೆಗಳನ್ನು ಓದುವುದರಲ್ಲಿದೆ. 1850 ಮತ್ತು 1860ರ ಅಮೆರಿಕದ ಜನಗಣತಿಯ ಗುಲಾಮರ ಪಟ್ಟಿಗಳಲ್ಲಿ ಒಡೆಯನ ಹೆಸರಿದೆ. ಗುಲಾಮರಾಗಿದ್ದವರದ್ದು ವಯಸ್ಸು, ಲಿಂಗ, ಮೈಬಣ್ಣ ಅಷ್ಟೇ, ಹೆಸರು ಬಹುತೇಕ ಎಲ್ಲೂ ಇಲ್ಲ. ಅವರು ಸಾಮಾನ್ಯವಾಗಿ ಹೆಸರು ಸಮೇತ ಕಾಣಿಸುವುದು 1870ರ ಗಣತಿಯಲ್ಲಿ. ಆದ್ದರಿಂದ ಕುಟುಂಬವೊಂದನ್ನು ಹುಡುಕುವಾಗ ನಾನು 1870ರಿಂದ ಹಿಂದಕ್ಕೆ ಹೋಗುತ್ತೇನೆ: ಮೊದಲು ಬಿಡುಗಡೆಯಾದ ಗುಲಾಮರ ನೆರವಿಗೆ ಸರ್ಕಾರ ತೆರೆದಿದ್ದ ಫ್ರೀಡ್‌ಮೆನ್ಸ್ ಬ್ಯೂರೋದ ಕೂಲಿ ಕರಾರುಗಳು, ಅವರ ಉಳಿತಾಯಕ್ಕಿದ್ದ ಫ್ರೀಡ್‌ಮೆನ್ಸ್ ಬ್ಯಾಂಕಿನ ಖಾತೆ ಪುಸ್ತಕಗಳು (ತಂದೆತಾಯಿ, ಒಡಹುಟ್ಟಿದವರ ಹೆಸರು ಅಲ್ಲಿ ಸಿಗಬಹುದು), ಕೊನೆಗೆ ಒಡೆಯರ ಉಯಿಲು ಮತ್ತು ಆಸ್ತಿಪಟ್ಟಿ. ದನಕರು, ಪಾತ್ರೆಪಗಡಗಳ ಸಾಲಿನಲ್ಲೇ ಮನುಷ್ಯರ ಹೆಸರೂ ಬೆಲೆಯೂ ಬರೆದಿರುತ್ತದೆ. ಅದನ್ನು ಓದುವುದು ಕಷ್ಟ, ಓದಲೇಬೇಕು. ಇಲ್ಲಿ ದಾರಿ ತಪ್ಪುವುದು ಕುಲನಾಮದಿಂದ: ಅದು ಕೊನೆಯ ಒಡೆಯನದ್ದೇ ಎಂದುಕೊಂಡರೆ ಹುಡುಕಾಟ ಬೇರೆಯವರ ಮನೆಗೆ ಹೋಗುತ್ತದೆ. ಎಷ್ಟೋ ಜನ ಹಳೆಯ ಒಡೆಯನ ಹೆಸರನ್ನೋ ತಾವೇ ಆರಿಸಿದ ಹೆಸರನ್ನೋ ಇಟ್ಟುಕೊಂಡಿದ್ದರು.

ಸ್ಲೇವ್ ವಾಯೇಜಸ್ ಎಂಬ ಆನ್‌ಲೈನ್ ದತ್ತಾಂಶದಲ್ಲಿ ಗುಲಾಮರ ಸಾಗಣೆಗಾಗಿ ಅಟ್ಲಾಂಟಿಕ್ ದಾಟಿದ ಸುಮಾರು 36,000 ಹಡಗುಯಾನಗಳ ವಿವರವಿದೆ. ಬಲವಂತವಾಗಿ ಹಡಗು ಹತ್ತಬೇಕಾದವರು 1.25 ಕೋಟಿ, ದಡ ಮುಟ್ಟಿದವರು 1.07 ಕೋಟಿ ಎಂಬುದು ಅಂದಾಜು. ದಾಖಲಾದ ಯಾನಗಳ ಮೊತ್ತ ಇದಕ್ಕಿಂತ ಕಡಿಮೆ. ಈ ಎರಡನ್ನು ಒಂದೇ ಕೋಷ್ಟಕದಲ್ಲಿ ಬೆರೆಸಿದರೆ ಪ್ರಬಂಧದ ಲೆಕ್ಕವೆಲ್ಲ ಕೆಡುತ್ತದೆ. ಹಿಂದೆ ಗುಲಾಮರಾಗಿದ್ದವರನ್ನು ಅಮೆರಿಕ ಸರ್ಕಾರದ ಯೋಜನೆಯೊಂದು ಮಾತಾಡಿಸಿ ಬರೆಸಿದ 1936–38ರ ಸಂದರ್ಶನಗಳಿಗೂ ಇಂಥದೇ ಎಚ್ಚರ ಬೇಕು. ಕೇಳಿದವರು ಹೆಚ್ಚಾಗಿ ಬಿಳಿಯರು, ಉತ್ತರಿಸಿದವರು ಬಡತನದ ಮುದುಕರು, ಅವರಲ್ಲಿ ಅನೇಕರು ಗುಲಾಮಗಿರಿಯ ಕಾಲಕ್ಕೆ ಇನ್ನೂ ಮಕ್ಕಳು. ಪ್ರತಿ ಉಲ್ಲೇಖದ ಪಕ್ಕದಲ್ಲಿ ಊರು, ವಯಸ್ಸು, ಕೇಳಿದವರು ಯಾರು ಎಂಬುದನ್ನು ಬರೆದಿಡಿ.

ಕನ್ನಡ ಬಲ್ಲವರಿಗೆ ಕೊನೆಯ ವರ್ಷದ ಪ್ರಬಂಧಕ್ಕೆ ಹಿಂದೂ ಮಹಾಸಾಗರದ ಕಡೆಯ ವಿಷಯ ಚೆನ್ನಾಗಿ ಒದಗುತ್ತದೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡಗಳಲ್ಲಿರುವ ಆಫ್ರಿಕಾ ಮೂಲದ ಸಿದ್ದಿಯರಿಗೆ 2003ರಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿತು. ಅದಕ್ಕೆ ಸಂಬಂಧಿಸಿದ ಕಾಗದಪತ್ರಗಳಿಂದಲೇ ಓದು ಆರಂಭಿಸಬಹುದು. ಜನರನ್ನು ಮಾತಾಡಿಸುವುದಾದರೆ ವಿಶ್ವವಿದ್ಯಾಲಯದ ನೈತಿಕ ಸಮಿತಿಯ ಅನುಮತಿ ಮೊದಲು ಬೇಕು. ಅದಿಲ್ಲದೆ ಮಾಡಿದ ಸಂದರ್ಶನವನ್ನು ಪ್ರಬಂಧದಲ್ಲಿ ಬಳಸಲು ಬಿಡುವುದಿಲ್ಲ. ಬೇಸಿಗೆ ರಜೆಗೆ ಊರಿಗೆ ಹೋಗುವವರು ಜನವರಿಯಲ್ಲೇ ಅರ್ಜಿ ಹಾಕಿ. ಒಪ್ಪಿಗೆ ಪತ್ರ ಕನ್ನಡದಲ್ಲೂ ಕೊಂಕಣಿಯಲ್ಲೂ ಇರಲಿ, ಸಹಿಯ ಬದಲು ಬಾಯಿಮಾತಿನ ಒಪ್ಪಿಗೆಗೂ ಅದೇ ಅರ್ಜಿಯಲ್ಲಿ ಅನುಮತಿ ಕೇಳಿ.