ಮೂತ್ರಪಿಂಡದ ರಕ್ತಹರಿವನ್ನು ಅರ್ಥಮಾಡಿಕೊಳ್ಳುವ ಬಗೆ

ಎರಡೂ ಸೇರಿ ಸುಮಾರು 300 ಗ್ರಾಂ ತೂಗುವ ಮೂತ್ರಪಿಂಡಗಳ ಮೂಲಕ, ನಾವು ವಿಶ್ರಾಂತಿಯಲ್ಲಿರುವಾಗಲೂ ನಿಮಿಷಕ್ಕೆ ಸುಮಾರು 1.1 ಲೀಟರ್ ರಕ್ತ ಹರಿಯುತ್ತದೆ. ಈ ಹರಿವಿನ ನಿಯಂತ್ರಣವನ್ನು ಕಲಿಯುವವರು ಹಾರ್ಮೋನುಗಳ ಹೆಸರುಗಳನ್ನು ಬಾಯಿಪಾಠ ಮಾಡುವುದರಿಂದ ಆರಂಭಿಸಬಾರದು. ಮೊದಲು ಒಂದು ಚಿತ್ರ ಬರೆಯಬೇಕು.

ಹಾಳೆಯ ನಡುವೆ ರಕ್ತವನ್ನು ಸೋಸುವ ಗ್ಲೊಮೆರುಲಸ್ ಎಂಬ ಲೋಮನಾಳಗಳ (ಅತಿ ಸಣ್ಣ ರಕ್ತನಾಳಗಳ) ಗೊಂಚಲನ್ನು ಬರೆದು, ಅದಕ್ಕೆ ರಕ್ತ ತರುವ ಕಿರುಧಮನಿಯನ್ನು ಎಡಕ್ಕೂ ಅಲ್ಲಿಂದ ಒಯ್ಯುವ ಕಿರುಧಮನಿಯನ್ನು ಬಲಕ್ಕೂ ಎಳೆಯಿರಿ. ಎಡದ್ದು ಕಿರಿದಾದರೆ ಹರಿವು, ಸೋಸುವಿಕೆ ಎರಡೂ ಇಳಿಯುತ್ತವೆ. ಬಲದ್ದು ಮಿತವಾಗಿ ಕಿರಿದಾದರೆ ಹರಿವು ಇಳಿದರೂ ಗೊಂಚಲಿನೊಳಗಿನ ಒತ್ತಡ ಏರುವುದರಿಂದ ಸೋಸುವಿಕೆ ಉಳಿದುಕೊಳ್ಳುತ್ತದೆ. ಯಾವ ವಸ್ತುವಿನ ಹೆಸರು ಬಂದರೂ ಅದು ಯಾವ ಬದಿಯಲ್ಲಿ ಕೆಲಸ ಮಾಡುತ್ತದೆ ಎಂದು ಮೊದಲು ಕೇಳಿಕೊಳ್ಳಿ.

ನಂತರ ನಾಳದ ಒಳಪದರವನ್ನು ಸೇರಿಸಿ. ಒಂದೇ ಸಾಲು ಕೋಶಗಳ ಈ ಎಂಡೋಥೀಲಿಯಂ ಬರೀ ಹೊದಿಕೆಯಲ್ಲ: ಹರಿಯುವ ರಕ್ತದ ಉಜ್ಜುವಿಕೆಯನ್ನು ಗ್ರಹಿಸಿ ನೈಟ್ರಿಕ್ ಆಕ್ಸೈಡ್ ತಯಾರಿಸುತ್ತದೆ, ಆ ಅನಿಲ ಪಕ್ಕದ ಸ್ನಾಯುಕೋಶಕ್ಕೆ ಇಳಿದು ಅದನ್ನು ಸಡಿಲಿಸುತ್ತದೆ. ಪದರಕ್ಕೆ ಹಾನಿಯಾದಾಗ ಹೆಚ್ಚುವ ಎಂಡೋಥೀಲಿನ್ ಇದಕ್ಕೆ ವಿರುದ್ಧವಾಗಿ ನಾಳವನ್ನು ಬಲವಾಗಿ, ದೀರ್ಘಕಾಲ ಬಿಗಿಯುತ್ತದೆ. ಒಂದು ನಾಳದ ಹರಿವು ಅದರ ತ್ರಿಜ್ಯದ ನಾಲ್ಕನೇ ಘಾತವನ್ನು ಅನುಸರಿಸುವುದರಿಂದ, ತ್ರಿಜ್ಯ ಶೇ. 10ರಷ್ಟು ತಗ್ಗಿದರೆ ಹರಿವು ಸುಮಾರು ಮೂರನೇ ಒಂದು ಭಾಗ ಕುಸಿಯುತ್ತದೆ. ಲೆಕ್ಕವನ್ನು ಒಮ್ಮೆ ಸ್ವತಃ ಮಾಡಿ ನೋಡುವುದು ಒಳ್ಳೆಯದು.

ಇನ್ನು ಹಾರ್ಮೋನುಗಳು. ತೀವ್ರ ರಕ್ತಸ್ರಾವದಲ್ಲಿ ಅಡ್ರಿನಲಿನ್ ಎರಡೂ ಬದಿಗಳನ್ನು ಬಿಗಿಯುತ್ತದೆ, ಹೃತ್ಕರ್ಣದಿಂದ ಬರುವ ನೇಟ್ರಿಯುರೆಟಿಕ್ ಪೆಪ್ಟೈಡ್ ಎಡಬದಿಯನ್ನು ಹಿಗ್ಗಿಸುತ್ತದೆ. ನಿಂತು ನೋಡಬೇಕಾದದ್ದು ಆಂಜಿಯೋಟೆನ್ಸಿನ್-2. ದೇಹದಲ್ಲಿ ನೀರು, ಉಪ್ಪು ಕಡಿಮೆಯಾದಾಗ ಅದು ಮುಖ್ಯವಾಗಿ ಬಲಬದಿಯನ್ನು ಬಿಗಿದು ಸೋಸುವಿಕೆಯನ್ನು ಕಾಪಾಡುತ್ತದೆ. ಎಡಬದಿ ಮುಚ್ಚಿಹೋಗದಂತೆ ಅದೇ ಹೊತ್ತಿನಲ್ಲಿ ನೈಟ್ರಿಕ್ ಆಕ್ಸೈಡ್ ಮತ್ತು ಮೂತ್ರಪಿಂಡದಲ್ಲೇ ಹುಟ್ಟುವ ಪ್ರೋಸ್ಟಾಗ್ಲಾಂಡಿನ್‌ಗಳು ತಡೆದು ನಿಲ್ಲುತ್ತವೆ.

ಈಗ ಚಿತ್ರವನ್ನು ಪರೀಕ್ಷೆಗೆ ಒಡ್ಡಿ. ವಾಂತಿಭೇದಿಯಿಂದ ಬಳಲಿದ ವ್ಯಕ್ತಿಯೊಬ್ಬರು ರಕ್ತದೊತ್ತಡಕ್ಕಾಗಿ ಎನಲಾಪ್ರಿಲ್ ಸೇವಿಸುತ್ತಿದ್ದು, ಮೈಕೈ ನೋವಿಗೆಂದು ಐಬುಪ್ರೊಫೆನ್ ನುಂಗಿದರೆಂದುಕೊಳ್ಳಿ. ಐಬುಪ್ರೊಫೆನ್ ಪ್ರೋಸ್ಟಾಗ್ಲಾಂಡಿನ್‌ಗಳನ್ನು ತಡೆಯುವುದರಿಂದ ಎಡಬದಿ ಬಿಗಿಯುತ್ತದೆ, ಎನಲಾಪ್ರಿಲ್ ಆಂಜಿಯೋಟೆನ್ಸಿನ್-2 ತಯಾರಾಗದಂತೆ ತಡೆಯುವುದರಿಂದ ಬಲಬದಿ ಸಡಿಲಗೊಳ್ಳುತ್ತದೆ. ಗೊಂಚಲಿಗೆ ಬರುವ ರಕ್ತ ಕಡಿಮೆ, ಬಂದದ್ದೂ ಒತ್ತಡವಿಲ್ಲದೆ ಹೊರಟುಹೋಗುತ್ತದೆ. ಮೂತ್ರ ಇಳಿದು, ಮೂತ್ರದಲ್ಲಿ ಹೊರಹೋಗಬೇಕಾದ ಕ್ರಿಯಾಟಿನಿನ್ ಎಂಬ ತ್ಯಾಜ್ಯ ರಕ್ತದಲ್ಲಿ ಏರತೊಡಗುತ್ತದೆ. ನಿರ್ಜಲೀಕರಣದ ಸಮಯದಲ್ಲಿ ವೈದ್ಯರನ್ನು ಕೇಳದೆ ಇಂಥ ನೋವುನಿವಾರಕ ಬೇಡವೆನ್ನುವುದು ಈ ಕಾರಣಕ್ಕೆ.