ಡ್ಯೂ ಸ್ಲಿಪ್ ಬಿಟ್ಟೆವು, ಮೊಹರು ಬಿಡಲಿಲ್ಲ

ಯಾವ ಕೆಲಸ ಬಿಡೋಣ ಅಂತ ಕಾಲೇಜಿನ ಲೈಬ್ರರಿ ಕಮಿಟಿಯಲ್ಲಿ ಕೇಳಿದರೆ ಒಂದನ್ನೂ ಬಿಡಲಾಗುವುದಿಲ್ಲ. ಎರಡು ವರ್ಷ ಕೇಳಿ ನೋಡಿದ್ದಾಯಿತು. ಆಮೇಲೆ ಯಾರಿಗೂ ಹೇಳದೆ ಒಂದೊಂದೇ ಕೆಲಸ ಒಂದು ಸೆಮಿಸ್ಟರ್ ನಿಲ್ಲಿಸಿ, ಬಂದು ಕೇಳಿದವರ ಹೆಸರನ್ನು ಕೌಂಟರಿನ ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆವು. ‘ಇದೆಲ್ಲ ಆಗೋ ಮಾತಲ್ಲ ಸಾರ್’ ಅಂದವರೇ ಈಗ ಆ ನೋಟ್‌ಬುಕ್ ಕೇಳಿಕೊಂಡು ಬರುತ್ತಿದ್ದಾರೆ.

ಮೊದಲು ಗಂಟೆ ಲೆಕ್ಕ. ನಾಲ್ಕು ಜನ ಸಿಬ್ಬಂದಿ, ಎರಡು ವಾರ, ಅರ್ಧ ಗಂಟೆಗೊಮ್ಮೆ ಒಂದು ಗೀಟು. ಹಳೆ ಕ್ಯಾಟಲಾಗ್ ಕಾರ್ಡುಗಳ ಹಿಂಬದಿ ಇದಕ್ಕೇ ಆಯಿತು. ಮೊದಲ ಸಲ ಪರೀಕ್ಷೆ ಸಮಯದಲ್ಲಿ ಬರೆಸಿ ಕೆಟ್ಟೆವು: ಪುಸ್ತಕ ಬಾಕಿ ಇಲ್ಲ ಅನ್ನುವ ‘ನೋ ಡ್ಯೂ’ ಚೀಟಿಯ ನೂಕುನುಗ್ಗಲಿನಲ್ಲಿ ಬೇರೆ ಕೆಲಸವೇ ಕಾಣಲಿಲ್ಲ. ಸೆಮಿಸ್ಟರಿನ ನಡುವೆ ಮತ್ತೆ ಬರೆಸಿದಾಗ ಪೇಪರ್ ಕಟಿಂಗ್ (ದಿನಪತ್ರಿಕೆಯ ಸುದ್ದಿ ಕತ್ತರಿಸಿಡುವುದು), ಹಳೆ ಪತ್ರಿಕೆಗಳ ಬೈಂಡಿಂಗ್ ತಯಾರಿ, ಡ್ಯೂ ಸ್ಲಿಪ್ (ವಾಪಸಿನ ತಾರೀಖು ಹಾಕುವ ಪುಸ್ತಕದ ಚೀಟಿ) ಸೇರಿ ವಾರಕ್ಕೆ ಮೂವತ್ತು ಗಂಟೆಯ ಹತ್ತಿರ ಬಂತು.

ಬೈಂಡಿಂಗ್ ವರ್ಷಕ್ಕೆ 80–90 ಸಂಪುಟ, ಒಂದಕ್ಕೆ 300 ರೂಪಾಯಿ ಆಸುಪಾಸು, ಆಟೋ ಬಾಡಿಗೆ ಬೇರೆ. ಲೈಬ್ರರಿ ಸಾಫ್ಟ್‌ವೇರ್ ಕೋಹಾದಲ್ಲಿ ‘ಸ್ಟ್ಯಾಟಿಸ್ಟಿಕಲ್’ ವರ್ಗದ, ಲೆಕ್ಕಕ್ಕಷ್ಟೇ ಇರುವ ಒಬ್ಬ ಸದಸ್ಯನನ್ನು ಮಾಡಿ, ಮೇಜಿನ ಮೇಲೆ ಬಿಟ್ಟುಹೋದ ಸಂಪುಟಗಳನ್ನು ದಿನಕ್ಕೆ ಮೂರು ಸಲ ಅವನ ಹೆಸರಿಗೆ ಸ್ಕ್ಯಾನ್ ಮಾಡಿದೆವು. ಸೆಮಿಸ್ಟರಿನಲ್ಲಿ ತೆರೆದದ್ದು ಹನ್ನೊಂದೋ ಹನ್ನೆರಡೋ. ಬಹುಪಾಲು ಕನ್ನಡ ಪತ್ರಿಕೆ, ಆನ್‌ಲೈನಿನಲ್ಲಿ ಸಿಗದವು. ಕನ್ನಡದ್ದು ಉಳಿಸಿ ಇಂಗ್ಲಿಷಿನದು ಬಿಟ್ಟೆವು. ಚಂದಾ ನಿಂತ ಮೇಲೆ ಆನ್‌ಲೈನಿನ ಹಳೆ ಸಂಚಿಕೆಗಳೂ ಮುಚ್ಚಿಕೊಳ್ಳುತ್ತವೆಯೇ ಅಂತ ಕರಾರಿನಲ್ಲಿ ನೋಡಿಕೊಂಡೇ ಬಿಡಿ.

ಮುಗ್ಗರಿಸಿದ್ದು ಡ್ಯೂ ಸ್ಲಿಪ್ಪಿನಲ್ಲಿ. ಎಸ್ಸೆಮ್ಮೆಸ್ ಹೋಗುತ್ತದಲ್ಲ ಅಂತ ನಿಲ್ಲಿಸಿದರೆ ಗೇಟಿನಲ್ಲಿ ಸಾಲು ನಿಂತಿತು. ಸೆಕ್ಯೂರಿಟಿಯವರು ನೋಡುತ್ತಿದ್ದದ್ದೇ ಸ್ಲಿಪ್ಪಿನ ತಾರೀಖು! ಅದು ನಮ್ಮ ಯಾವ ಲೆಕ್ಕದಲ್ಲೂ ಇರಲಿಲ್ಲ. ಐದು ಸಾವಿರ ಕೊಟ್ಟು ಥರ್ಮಲ್ ಪ್ರಿಂಟರ್ ತಂದೆವು. ಏಪ್ರಿಲ್ ಬಿಸಿಲಲ್ಲಿ ಬೈಕಿನ ಡಿಕ್ಕಿಯಲ್ಲಿಟ್ಟ ಚೀಟಿ ಕಪ್ಪಾಗಿ ಓದಲಾಗಲಿಲ್ಲ. ಕೊನೆಗೆ ಗುಜರಿಗೆ ಹೊರಟಿದ್ದ ಕಂಪ್ಯೂಟರು, ಎರಡು ಸಾವಿರದ ಸ್ಕ್ಯಾನರು ಗೇಟಿಗೆ ಹೋದವು. ಪುಸ್ತಕ ಇಶ್ಯೂ ಆಗಿದೆಯೋ ಇಲ್ಲವೋ, ಅಷ್ಟು ಗೊತ್ತಾದರೆ ಅವರಿಗೆ ಸಾಕು.

ಪೇಪರ್ ಕಟಿಂಗನ್ನು ಸ್ಕ್ಯಾನ್ ಮಾಡುವ ಪ್ರಯೋಗವೂ ಎರಡು ತಿಂಗಳು ನಡೆಯಿತು. ತಾರೀಖಿನ ಹೆಸರಲ್ಲಿ ಉಳಿಸಿದ ಫೈಲು ಯಾರಿಗೂ ಸಿಗಲಿಲ್ಲ, ಬಿಟ್ಟೆವು.

ಬಂದ ಪುಸ್ತಕಕ್ಕೆಲ್ಲ ನಂಬರು ಕೊಟ್ಟು ಬರೆಯುವ ಅಕ್ಸೆಶನ್ ರಿಜಿಸ್ಟರಿಗೆ, ನಿಲ್ಲಿಸಿ ಯಾರು ಕೇಳುತ್ತಾರೆ ನೋಡುವ ಈ ಉಪಾಯ ನಡೆಯದು. ಅದನ್ನು ಕೇಳುವವರು ವರ್ಷಕ್ಕೊಮ್ಮೆ ಬರುತ್ತಾರೆ. ಕೈಬರಹ ಬಿಟ್ಟು ತಿಂಗಳಿಗೊಮ್ಮೆ ಕೋಹಾದಿಂದ ಪ್ರಿಂಟ್ ತೆಗೆದು ಸಹಿ ಹಾಕುತ್ತೇವೆ. ಐಟಂ ಡಿಲೀಟ್ ಮಾಡಿದರೆ ಅದು ಬೇರೆ ಟೇಬಲ್ಲಿಗೆ ಹೋಗಿ ವರದಿಯಲ್ಲಿ ನಂಬರು ಹಾರುತ್ತದೆ, ಆಡಿಟರ್ ಬೆರಳು ಅಲ್ಲೇ ನಿಲ್ಲುತ್ತದೆ. ಡಿಲೀಟ್ ಬೇಡ, ‘ವಿತ್‌ಡ್ರಾನ್’ (ತೆಗೆದುಹಾಕಿದ್ದು) ಗುರುತು ಹಾಕಿ. ಪ್ರತಿ ವರ್ಷದ ಸ್ಟಾಕ್ ಪರಿಶೀಲನೆಯನ್ನೂ ಮೂರು ವರ್ಷಕ್ಕೆ ತಂದೆವು. 20 ಸಾವಿರದಿಂದ 50 ಸಾವಿರ ಸಂಪುಟಗಳಿಗೆ ಅಷ್ಟು ಸಾಕು ಅನ್ನುತ್ತದೆ ಕೇಂದ್ರದ 2017ರ ಸಾಮಾನ್ಯ ಹಣಕಾಸು ನಿಯಮಗಳ 215ನೇ ನಿಯಮ. ನಮಗೆ ನೇರವಾಗಿ ಅನ್ವಯಿಸದಿದ್ದರೂ ಮುಂದಿಟ್ಟರೆ ಮಾತು ಮುಗಿಯುತ್ತದೆ.

ಸೀಕ್ರೆಟ್ ಪೇಜಿನ ಮೊಹರು, ಅಂದರೆ ನಮಗಷ್ಟೇ ಗೊತ್ತಿರುವ ಒಂದು ಒಳಪುಟದಲ್ಲಿ ಒತ್ತುವ ಲೈಬ್ರರಿ ಮೊಹರು, ಮಾತ್ರ ಬಿಟ್ಟಿಲ್ಲ. ಪುಸ್ತಕಕ್ಕೆ ಅರ್ಧ ನಿಮಿಷದ ಕೆಲಸ. ಟೈಟಲ್ ಪೇಜ್ ಹರಿದ ಪುಸ್ತಕ ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆ ಪುಸ್ತಕದಂಗಡಿಯಲ್ಲಿ ಸಿಕ್ಕರೆ ನಮ್ಮದೇ ಅನ್ನಲು ಅದೊಂದೇ ಸಾಕ್ಷಿ. ಎಷ್ಟನೇ ಪುಟ ಅಂತ ಕೇಳಬೇಡಿ.