ಒರೆಗಲ್ಲಿಗೆ ಉಜ್ಜಬೇಡಿ ಆಚಾರ್ರೆ!

ನನ್ನ ಸಿನಿಮಾ ನಾಣ್ಯದ ಹುಚ್ಚು ಶುರುವಾದದ್ದು ಎನ್‌ಟಿಆರ್ ಅವರ ನೂರು ರೂಪಾಯಿಯಿಂದ. 2023ರಲ್ಲಿ ಅವರ ಜನ್ಮಶತಮಾನೋತ್ಸವಕ್ಕೆ ಬಂದದ್ದು, 44 ಮಿಲಿಮೀಟರ್ ಅಗಲ, ಅರ್ಧದಷ್ಟು ಬೆಳ್ಳಿ. ಆದರೆ ನನಗೆ ಬೇಕಿದ್ದದ್ದು ನಗಿಸೋ ಸಿನಿಮಾದ್ದು. ನಮ್ಮ ನರಸಿಂಹರಾಜು ಮುಖದ್ದೊಂದು ಬಂದರೆ ಸಾಲ ಮಾಡಿಯಾದ್ರೂ ತಗೋತೀನಿ!

ಕೊನೆಗೆ ಮನಸ್ಸು ಹೋದದ್ದು 1985ರ ಹಾಲಿವುಡ್ ನಗೆಚಿತ್ರ ‘ಬ್ಯಾಕ್ ಟು ದ ಫ್ಯೂಚರ್’ ಕಡೆಗೆ. ಅದಕ್ಕೆ 35 ವರ್ಷ ತುಂಬಿದಾಗ, 2020ರಲ್ಲಿ, ಆಸ್ಟ್ರೇಲಿಯಾದ ಪರ್ತ್ ಟಂಕಸಾಲೆ ಬೆಳ್ಳಿ ನಾಣ್ಯ ಹಾಕಿತು. ನಾಣ್ಯದ ಮೇಲಿನ ದೇಶದ ಹೆಸರು ಮಾತ್ರ ತುವಾಲು, ಪೆಸಿಫಿಕ್ ಸಾಗರದ ಪುಟ್ಟ ದ್ವೀಪರಾಷ್ಟ್ರ. ಮುಖಬೆಲೆ ಒಂದು ಡಾಲರ್, ತೂಕ ಒಂದು ಟ್ರಾಯ್ ಔನ್ಸ್, ಅಂದರೆ 31.1 ಗ್ರಾಂ.

ಕೈಬದಲಾದ ಮಾಲು, ಒಂದೇ ಕಡೆ ಎರಡು ತಗೊಂಡೆ. ರೇಟು ಸ್ವಲ್ಪ ಅಗ್ಗ ಅನ್ನಿಸಿದಾಗಲೇ ಎಚ್ಚರ ಆಗಬೇಕಿತ್ತು. ದಾವಣಗೆರೆ ಮಂಡಿಪೇಟೆ ಕಡೆಯ ಪರಿಚಯದ ಆಚಾರ್ರ ಹತ್ರ ಒಯ್ದೆ. ಅವರು ಡಬ್ಬಿ ತೆಗೆದವರೇ ಒರೆಗಲ್ಲಿಗೆ ಕೈ ಹಾಕಿದರು.

“ಅಯ್ಯೋ, ಉಜ್ಜಬೇಡಿ ಆಚಾರ್ರೆ! ಒಂದು ಗೀರು ಬಿದ್ರೂ ಸಂಗ್ರಹಕ್ಕೆ ಕೆಟ್ಟೋಯ್ತು.”

“ಮತ್ತೆ ಬೆಳ್ಳಿ ಅಂತ ಹೆಂಗ್ ಗೊತ್ತಾಗಬೇಕಪಾ?”

ನೀರಿನ ಲೋಟ ಕೇಳಿದೆ. ಲೋಟವನ್ನು ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ, ನಾಣ್ಯದ ಅಂಚಿಗೆ ತೆಳು ದಾರ ಸುತ್ತಿ ಪೂರ್ತಿ ಮುಳುಗುವ ಹಾಗೆ ಇಳಿಬಿಟ್ಟೆ. ತಳ, ಗೋಡೆ ಎಲ್ಲೂ ತಾಗಬಾರದು, ಗುಳ್ಳೆ ಅಂಟಿಕೊಂಡಿರಬಾರದು. ಉಸಿರು ಬಿಗಿಹಿಡಿದು ನಿಂತೆ. 2.97 ಗ್ರಾಂ ತೋರಿಸಿತು. ಅಷ್ಟೇ ತೂಕದ ನೀರಿನ ಜಾಗವನ್ನು ನಾಣ್ಯ ತಿಂದಿದೆ ಎಂದರ್ಥ. 31.1ನ್ನು ಅದರಿಂದ ಭಾಗಿಸಿದರೆ 10.47, ಬೆಳ್ಳಿಯ ಸಾಂದ್ರತೆ 10.49. ಸರಿ ಇದೆ.

ಎರಡನೆಯದೂ ಸರಿಯಾಗಿ 31.1 ಗ್ರಾಮೇ. ನೀರಿಗಿಳಿಸಿದರೆ 3.48. ಭಾಗಿಸಿ ನೋಡಿದೆ, 8.9ರ ಸುತ್ತಮುತ್ತ. ಅದು ತಾಮ್ರ, ನಿಕಲ್ಲಿನ ಲೆಕ್ಕ. ಹೊರಗಷ್ಟೇ ಬಿಳಿ. ಆಯಸ್ಕಾಂತಕ್ಕೆ ಅದೂ ಅಂಟಲಿಲ್ಲ, ಹಾಗಾಗಿ ಬರೀ ಆಯಸ್ಕಾಂತ ನಂಬಿ ಕೂತಿದ್ದರೆ ಇವತ್ತಿಗೂ ನನಗೆ ಗೊತ್ತಾಗುತ್ತಿರಲಿಲ್ಲ.

ಅಸಲಿ ನಾಣ್ಯವನ್ನು ಅಂಚಿನಲ್ಲಷ್ಟೇ ಹಿಡಿದು, ಹತ್ತಿ ಬಟ್ಟೆ ಒತ್ತಿ ನೀರು ಹೀರಿಸಿದೆ. ಒರೆಸಲಿಲ್ಲ. ಆಚಾರ್ರು ಕೇಳಿದರು: “ಆ ದೇಶದಾಗೆ ಇದನ್ನ ಕೊಟ್ರೆ ಎಷ್ಟರ ಸಾಮಾನು ಬರತ್ತೆ?”

“ಒಂದು ಡಾಲರಿಂದು.”

“ಹಂಗಾದ್ರೆ ಅಲ್ಲಿಗೆ ಹೋಗಬ್ಯಾಡ ತಮ್ಮಾ” ಅಂದು ಲೋಟದ ನೀರು ಚೆಲ್ಲಿದರು.